ಅರಿವಿಯ ಆಯುಷ್ಯ

ಹಳೆಯ ಬಟ್ಟೆಯಿಂದ ಹೊಸದನ್ನು ಮಾಡುವ ಕೆಲಸಕ್ಕೆ ಭೀಮಾ ದಂಡೆಯ ಊರುಗಳಲ್ಲಿ ಮೊದಲು ನೆನಪಾಗುವ ಹೆಸರು ಕೌದಿ. ಉಟ್ಟು ಸವೆದ ಸೀರೆ, ಧೋತರ, ಲುಂಗಿ, ರುಮಾಲು, ಕುಪ್ಪಸದ ಚೂರುಗಳನ್ನು ಪದರಪದರವಾಗಿ ಹಾಸಿ, ದಪ್ಪ ದಾರದಿಂದ ಒತ್ತೊತ್ತಾಗಿ ಟಾಕಿ ಹಾಕಿ ಹೊಲಿದ ಹಾಸಿಗೆ, ಹೊದಿಕೆ ಎರಡೂ ಅದೇ. ಅಫಜಲಪುರ ತಾಲ್ಲೂಕಿನ ಮಣ್ಣೂರ, ಅದರ ಸುತ್ತಲಿನ ಊರುಗಳು, ಆಳಂದ ಮತ್ತು ಜೇವರ್ಗಿ ಕಡೆಯ ಹಳ್ಳಿಗಳು ಇವೆಲ್ಲ ಬಟ್ಟೆಗೆ ಅರಿವಿ ಎನ್ನುವ ಸೀಮೆ. ಇಲ್ಲಿ ಚಳಿಗಾಲದಲ್ಲಿ ಕೌದಿ ಹೊದಿಕೆಯಾಗುತ್ತದೆ, ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆಯಾಗುತ್ತದೆ, ಕಣ ಕಾಯುವವನಿಗೆ ಎರಡೂ ಆಗುತ್ತದೆ. ಮಹಾನವಮಿಗೆ ಮುಂಚೆ ಮನೆ ಸಾರಿಸಿ, ಸುಣ್ಣ ಹಚ್ಚಿ, ಹಾಸಿಗೆ ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ತೊಳೆಯುವ ವಾಡಿಕೆ ಉತ್ತರ ಕರ್ನಾಟಕದ ಉದ್ದಕ್ಕೂ ಇದೆ. ಆ ದಿನಗಳಲ್ಲಿ ದಂಡೆಯ ಕಲ್ಲುಗಳ ಮೇಲೆ ಒಣಗಲು ಬಿದ್ದ ಕೌದಿಗಳನ್ನು ನೋಡಿದರೆ ಒಂದು ಮನೆಯಲ್ಲಿ ಎರಡು ತಲೆಮಾರು ಏನೇನು ಉಟ್ಟಿತ್ತು ಎಂಬುದು ಕಾಣುತ್ತದೆ.

ಕೌದಿಯನ್ನು ಚಿಂದಿಯ ಕೊನೆ ಎಂದು ತಿಳಿಯುವುದು ಸರಿಯಲ್ಲ. ಒಂದು ಅರಿವಿಯ ಆಯುಷ್ಯದಲ್ಲಿ ಅದು ನಡುವಿನ ಘಟ್ಟ. ಅದಕ್ಕೆ ಮುಂಚೆಯೂ ಹಲವು ರೂಪಗಳಿವೆ, ನಂತರವೂ ಇವೆ. ಯಾವ ರೂಪಕ್ಕೆ ಯಾವಾಗ ಇಳಿಸಬೇಕು ಎಂಬ ತೀರ್ಮಾನವೇ ಈ ವಿದ್ಯೆಯ ತಿರುಳು.

ಸೀರೆಯಿಂದಲೇ ಶುರುಮಾಡಬಹುದು. ಹಿಂದಿನ ಹೆಂಗಸರು ಉಡುತ್ತಿದ್ದ ಕಚ್ಚೆಯ ಸೀರೆ ಹದಿನೆಂಟು ಮೊಳ, ಅಂದರೆ ಒಂಬತ್ತು ಗಜ. ಇಷ್ಟುದ್ದದ ಬಟ್ಟೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಹಿಮ್ಮಡಿಗೆ ತಾಗುವ ಕೆಳ ಅಂಚು, ಕೂಡುವ ಜಾಗ, ನಡುವಿಗೆ ಸಿಕ್ಕಿಸುವ ಜಾಗ ಮೊದಲು ತೆಳ್ಳಗಾಗುತ್ತವೆ. ನೆರಿಗೆಯ ಒಳಮಡಿಕೆಗಳು ಬಹುಕಾಲ ಗಟ್ಟಿ ಇರುತ್ತವೆ. ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಈ ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿಯಂತೆ ಸಿಕ್ಕಿಸಿ ಮಗ್ಗದ ಮೇಲೆ ಜೋಡಿಸುತ್ತಾರೆ. ಹೀಗಾಗಿ ಒಡಲು ಹರಿದ ಮೇಲೂ ಸೆರಗು ಗಟ್ಟಿಯಾಗಿ ಉಳಿಯುವುದುಂಟು. ಹಳೆ ಸೀರೆಗೆ ಕತ್ತರಿ ಹಾಕುವ ಮುಂಚೆ ಜಾಣ ಕೈ ಅದನ್ನು ಬೆಳಕಿಗೆ ಹಿಡಿಯುತ್ತದೆ. ಬೆಳಕು ಸೋಸುವ ಕಡೆ ಒಂದು ಉಪಯೋಗ, ಸೋಸದ ಕಡೆ ಇನ್ನೊಂದು. ಗಟ್ಟಿ ಭಾಗ ಮಗಳ ಪರಕರವಾಗುತ್ತದೆ, ತೊಟ್ಟಿಲ ಜೋಳಿಗೆಯಾಗುತ್ತದೆ. ನಡುತರದ ಭಾಗ ಕೌದಿಯ ಮೇಲ್ಪದರಕ್ಕೆ. ತೀರ ತೆಳ್ಳಗಾದದ್ದು ಕೌದಿಯ ಹೊಟ್ಟೆಗೆ. ಕೂಸಿನ ಮೈಗೆ ಹೊಸ ಬಟ್ಟೆಗಿಂತ ಹಳೆಯದೇ ಒಳ್ಳೆಯದು ಎಂಬ ನಂಬಿಕೆಗೆ ಗಟ್ಟಿ ಕಾರಣವಿದೆ. ಹೊಸ ಅರಿವಿಯಲ್ಲಿ ಗಂಜಿ ಇರುತ್ತದೆ, ನಾರು ಬಿರುಸಾಗಿರುತ್ತದೆ. ನೂರಾರು ಸಲ ಒಗೆದ ಹತ್ತಿಯಲ್ಲಿ ಗಂಜಿಯೂ ಹೋಗಿರುತ್ತದೆ, ಬಿರುಸೂ ಹೋಗಿರುತ್ತದೆ.

ಗುಳೇದಗುಡ್ಡದ ಖಣದ ಚೂರುಗಳಿಗೆ ಬೇರೆಯೇ ಮರ್ಯಾದೆ. ಕುಪ್ಪಸ ಹೊಲಿದು ಉಳಿದ ಅಂಗೈಯಗಲದ ತುಂಡೂ ಬೀದಿಗೆ ಬೀಳುತ್ತಿರಲಿಲ್ಲ. ಕೂಸಿನ ಕುಲಾವಿ, ಕುಂಚಿಗೆ, ಎಲೆ ಅಡಿಕೆಯ ಸಂಚಿ, ಎತ್ತಿನ ಬೆನ್ನ ಮೇಲಿನ ಜೂಲಾ ಇವೆಲ್ಲ ಚೂರುಗಳ ಜೋಡಣೆಯಿಂದಲೇ ಹುಟ್ಟಿದ ವಸ್ತುಗಳು. ಸಂಚಿಯಂತೂ ಸಣ್ಣ ಹೊಲಿಗೆಯ ದೊಡ್ಡ ಸಾಧನೆ. ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ, ಚಿಲ್ಲರೆ ದುಡ್ಡಿಗೆ ಬೇರೆ ಬೇರೆ ಅರೆ, ಮೇಲೆ ಎಳೆದರೆ ಮುಚ್ಚುವ ದಾರ. ತಲೆಯ ಮೇಲೆ ಕೊಡ ಹೊರಲು ಬೇಕಾದ ಸಿಂಬಿಯನ್ನು ಹಳೆ ಸೀರೆ ಹೊಸೆದು ಸುತ್ತಿದರೆ ಆಯಿತು, ಅದಕ್ಕೆ ಸೂಜಿಯೂ ಬೇಡ.

ಕೌದಿ ಹೊಲಿಯುವ ಕ್ರಮ ಹೀಗೆ. ಅರಿವಿಗಳನ್ನು ಒಗೆದು, ಒಣಗಿಸಿ, ಹೊಲಿಗೆ ಬಿಚ್ಚಿ, ಗುಂಡಿ ಮತ್ತು ಗಟ್ಟಿ ಪಟ್ಟಿ ಕಿತ್ತು ಹಾಕಬೇಕು. ಆಳಿನುದ್ದದ ಕೌದಿಗೆ ಐದಾರು ಸೀರೆ ಬೇಕಾಗುತ್ತವೆ. ಅಂಗಳದಲ್ಲೋ ಪಡಸಾಲೆಯಲ್ಲೋ ತಳದ ಸೀರೆಯನ್ನು ಸುಕ್ಕಿಲ್ಲದೆ ಹಾಸಿ, ಅದರ ಮೇಲೆ ಹರಕು ತುಂಡುಗಳನ್ನು ಏರಿಳಿತ ಬಾರದಂತೆ ಹರಡಿ, ಮೇಲೆ ಬಣ್ಣ ಬಣ್ಣದ ಚೌಕ, ಪಟ್ಟಿ, ಮೂಲೆತುಂಡುಗಳನ್ನು ಕೂಡಿಸುತ್ತಾರೆ. ಹೊಲಿಗೆ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಸಾಲು ನೆಟ್ಟಗಿರಬೇಕು, ಟಾಕಿಯ ಉದ್ದ ಒಂದೇ ಇರಬೇಕು. ದಾರ ಬಿಗಿಯಾದರೆ ಅರಿವಿ ಮುದುಡುತ್ತದೆ, ಸಡಿಲಾದರೆ ಮೊದಲ ಒಗೆತಕ್ಕೇ ಒಳಗಿನ ಚಿಂದಿ ಒಂದು ಮೂಲೆಗೆ ಗುಂಪಾಗುತ್ತದೆ. ಸಾದಾ ಓಡುಹೊಲಿಗೆಗೆ ಇಷ್ಟು ಬಲ ಬರುವುದು ಸಂಖ್ಯೆಯಿಂದ. ಸಾವಿರಾರು ಟಾಕಿಗಳಲ್ಲಿ ಹತ್ತು ಹರಿದರೂ ಕೌದಿ ಅಲುಗುವುದಿಲ್ಲ. ಬೆಚ್ಚಗಿರುವುದೂ ಅದೇ ಟಾಕಿಗಳಿಂದ. ಪದರಗಳ ನಡುವೆ ಸಾಲು ಸಾಲಾಗಿ ಸಿಕ್ಕಿಕೊಂಡ ಗಾಳಿ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ.

ಮನೆಯ ಹೆಂಗಸರು ಬಿಡುವಿನಲ್ಲಿ ಕೂಡಿ ಹೊಲಿಯುವ ಕೌದಿ ಒಂದು ಬಗೆಯಾದರೆ, ಕಸುಬಾಗಿ ಹೊಲಿಯುವುದು ಇನ್ನೊಂದು. ಈ ಸೀಮೆಯಲ್ಲಿ ಕಸುಬಿನ ಕೌದಿ ಹೆಚ್ಚಾಗಿ ಗೋಂಧಳಿ ಸಮುದಾಯದ ಹೆಂಗಸರ ಕೈಯಲ್ಲಿ ಬೆಳೆದಿದೆ. ತುಳಜಾಪುರದ ಅಂಬಾಭವಾನಿಯ ಭಕ್ತರಾದ ಗೋಂಧಳಿಗರಲ್ಲಿ ಗಂಡಸರು ಮದುವೆ ನಡೆದ ಮನೆಗಳಲ್ಲಿ ರಾತ್ರಿಯಿಡೀ ದೇವಿಯ ಹಾಡು, ಕತೆಗಳ ಗೋಂಧಳ ಹಾಕುತ್ತಾರೆ. ಹೆಂಗಸರು ಸ್ಟೀಲಿನ ಭಾಂಡೆ ಹೊತ್ತು ಊರೂರು ತಿರುಗಿ ಹಳೆ ಅರಿವಿಗೆ ಭಾಂಡೆ ಕೊಡುತ್ತಾರೆ, ಕೌದಿ ಹೊಲಿದುಕೊಡುತ್ತಾರೆ. ಮನೆಯವರು ಅರಿವಿ ಕೊಟ್ಟರೆ ಕೂಲಿ ಮಾತ್ರ. ಈ ಕೂಲಿ ಯಾವ ಕಾಲದಲ್ಲೂ ಕೆಲಸಕ್ಕೆ ತಕ್ಕಷ್ಟು ಇರಲಿಲ್ಲ. ದಿನಗಟ್ಟಲೆ ಬಗ್ಗಿ ಕೂತು ಹೊಲಿದ ಬೆನ್ನುನೋವಿಗೆ, ಸೂಜಿ ಚುಚ್ಚಿ ಗಟ್ಟಿಯಾದ ಬೆರಳಿಗೆ ಬೆಲೆ ಕಟ್ಟಿದವರು ಕಡಿಮೆ. ಇಂದು ನಗರದ ಅಂಗಡಿಗಳಲ್ಲಿ ಕೌದಿಯನ್ನು ಕರಕುಶಲ ವಸ್ತುವೆಂದು ಮಾರುತ್ತಾರೆ. ಆ ಬೆಲೆಯಲ್ಲಿ ಹೊಲಿದವಳ ಪಾಲು ಎಷ್ಟು ಎಂಬುದು ಕೌದಿಯ ಚೆಲುವಿನಷ್ಟೇ ಮುಖ್ಯವಾದ ಪ್ರಶ್ನೆ.

ಕರ್ನಾಟಕದಲ್ಲಿ ಈ ಕಲೆಗೆ ಇನ್ನೊಂದು ದೊಡ್ಡ ನೆಲೆಯಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅದು. ಆಫ್ರಿಕದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಸಿದ್ದಿಗಳ ಪೂರ್ವಿಕರಲ್ಲಿದ್ದಾರೆ. ಅವರ ಕವಂದಿಯೂ ಅಂಚಿನಿಂದ ನಡುವಿಗೆ ಬೆಳೆಯುತ್ತದೆ. ನಾಲ್ಕು ಮೂಲೆಗಳಿಗೆ ಮಡಿಸಿದ ಮೂಲೆತುಂಡುಗಳ ಫುಲಾ ಇಡದಿದ್ದರೆ ಕವಂದಿ ಬತ್ತಲೆ ಎಂದೇ ಅವರ ಮಾತು.

ಕನ್ನಡದಲ್ಲಿ ಕೌದಿಗಿಂತ ಹಳೆಯ ಗತ್ತಿನ ಎರಡು ಶಬ್ದಗಳಿವೆ: ಕಂಥೆ ಮತ್ತು ಬೊಂತೆ. ನಾಥಪಂಥದ ಜೋಗಿಗಳ ಹೊದಿಕೆ ಕಂಥೆ. ಬಂಗಾಲದಲ್ಲಿ ಅದೇ ಶಬ್ದ ಕಾಂಥಾ ಆಗಿ, ಹಳೆ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಡಿಸಿ, ಆ ಎಳೆಯಿಂದಲೇ ಅದೇ ಸೀರೆಯ ಮೇಲೆ ಕಸೂತಿ ಹಾಕುವ ಕಲೆಯಾಯಿತು. ಬೊಂತೆ ಒಬ್ಬ ವಚನಕಾರ್ತಿಯ ಹೆಸರಿನಲ್ಲೇ ಸೇರಿದೆ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದಳೆಂದು ಪರಂಪರೆ ಹೇಳುವ ಬೊಂತಾದೇವಿ ಎಲ್ಲವನ್ನೂ ತೊರೆದು ಬೊಂತೆಯೊಂದನ್ನೇ ಹೊದ್ದವಳು. ಬಿಡಾಡಿ ಅವಳ ಅಂಕಿತ. ಹನ್ನೆರಡನೆಯ ಶತಮಾನದ ಶರಣರಲ್ಲಿ ನೂಲುವ ಕದಿರ ರೆಮ್ಮವ್ವೆ, ಒಗೆಯುವ ಮಡಿವಾಳ ಮಾಚಿದೇವ, ಹೊಲಿಯುವ ಸೂಜಿಕಾಯಕದ ರಾಮಿತಂದೆ ಇದ್ದರು. ಅವರಿಗಿಂತ ಹಿರಿಯನೆಂದು ಎಣಿಸುವ, ಸುರಪುರದ ಹತ್ತಿರದ ಮುದನೂರಿನ ಜೇಡರ ದಾಸಿಮಯ್ಯ ನೇಯುವವನು. ಎಳೆಯಿಂದ ತೇಪೆಯವರೆಗಿನ ಇಡೀ ಕಸುಬು ಆ ಬಳಗದಲ್ಲಿತ್ತು. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖಾಜಾ ಬಂದೇ ನವಾಜರು ಸೇರಿದ ಸೂಫಿ ಪರಂಪರೆಯಲ್ಲೂ ತೇಪೆಯ ನಿಲುವಂಗಿಗೆ ಮುರಕ್ಕಾ ಎಂಬ ಗೌರವದ ಹೆಸರಿದೆ.

ಆದರೆ ಅರಿವಿಯ ಆಯುಷ್ಯವನ್ನು ಪೂರ್ತಿಯಾಗಿ ಲೆಕ್ಕ ಹಾಕಿದವರು ಬೌದ್ಧರು. ಅವರ ನೆಲೆಯೂ ಈ ಸೀಮೆಗೆ ದೂರದ್ದಲ್ಲ. ಮಣ್ಣೂರನ್ನು ದಾಟಿ ಕೆಳಗೆ ಹರಿಯುವ ಭೀಮೆ ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಗಳನ್ನು ಮುಟ್ಟುತ್ತದೆ. ಕನಗನಹಳ್ಳಿಯಲ್ಲಿ 1994ರಿಂದ ಕೆಲವು ವರ್ಷ ಭಾರತೀಯ ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ದೊಡ್ಡ ಸ್ತೂಪದ ಅವಶೇಷಗಳು, ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕವು. ಭಿಕ್ಷುಗಳು ಉಡುವ ಚೀವರ ತುಂಡು ತುಂಡು ಕೂಡಿಸಿ ಹೊಲಿದದ್ದೇ ಆಗಿರಬೇಕು ಎಂಬುದು ಅವರ ನಡವಳಿಕೆಯ ಗ್ರಂಥವಾದ ವಿನಯಪಿಟಕದ ನಿಯಮ. ಮಗಧದ ಗದ್ದೆಗಳು, ಅವುಗಳ ನಡುವಿನ ಬದುಗಳನ್ನು ತೋರಿಸಿ ಬುದ್ಧ ಶಿಷ್ಯ ಆನಂದನಿಗೆ ಅದೇ ಮಾದರಿಯಲ್ಲಿ ಚೀವರ ಹೊಲಿಸಲು ಹೇಳಿದ ಪ್ರಸಂಗ ಅದರ ಮಹಾವಗ್ಗದಲ್ಲಿದೆ. ಕತ್ತರಿಸಿ ಕೂಡಿಸಿದ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ, ಆದ್ದರಿಂದ ಅದನ್ನು ಕದಿಯುವವರೂ ಇಲ್ಲ.

ಅದೇ ಪಿಟಕದ ಚುಲ್ಲವಗ್ಗದಲ್ಲಿ ಇನ್ನೂ ಹತ್ತಿರದ ಮಾತೊಂದಿದೆ. ಕೋಸಂಬಿಯ ಅರಸ ಉದೇನನ ರಾಣಿಯರು ಆನಂದನಿಗೆ ಐನೂರು ವಸ್ತ್ರ ಕೊಟ್ಟರು. ಇಷ್ಟನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಅರಸ ಕೇಳಿದ. ಚೀವರ ಹಳತಾದ ಭಿಕ್ಷುಗಳಿಗೆ ಹಂಚುವುದಾಗಿ ಆನಂದ ಹೇಳಿದ. ಹಾಗಾದರೆ ಹಳೆಯ ಚೀವರ? ಹಾಸಿಗೆಯ ಮೇಲುಹೊದಿಕೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಹಳೆಯ ನೆಲಹಾಸು? ಕಾಲೊರಸು. ಹಳೆಯ ಕಾಲೊರಸು? ಧೂಳು ಒರಸುವ ಚಿಂದಿ. ಆ ಚಿಂದಿಯನ್ನು ಕೊಚ್ಚಿ, ಕೆಸರಿನಲ್ಲಿ ಕಲಸಿ, ನೆಲಕ್ಕೆ ಮೆತ್ತುತ್ತೇವೆ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಪ್ರತಿ ಹೆಜ್ಜೆಯೂ ಅರಿವಿಯಲ್ಲಿ ಉಳಿದಿರುವ ಬಲಕ್ಕೆ ಸರಿಯಾಗಿದೆ. ಕೊನೆಯದಂತೂ ಒಳ್ಳೆಯ ಕಟ್ಟಡ ವಿದ್ಯೆ: ಮಣ್ಣು ಒಣಗುವಾಗ ಬಿರಿಯದಂತೆ ಹೊಟ್ಟು, ಹುಲ್ಲು ಹಿಡಿದಿಡುವ ಹಾಗೆಯೇ ಹತ್ತಿಯ ನಾರೂ ಹಿಡಿದಿಡುತ್ತದೆ.

ಈ ಇಳಿಜಾರು ಈಗ ಎಲ್ಲಿ ಮುರಿಯಿತು ಎಂಬುದಕ್ಕೆ ಉತ್ತರ ನಾರಿನಲ್ಲಿದೆ. 1970ರ ದಶಕದಿಂದ ಈಚೆಗೆ ಟೆರಿಕಾಟ್ ಅಂಗಿ, ಪಾಲಿಯೆಸ್ಟರ್ ಸೀರೆ ಹಳ್ಳಿಯ ಪೆಟ್ಟಿಗೆಗಳನ್ನು ತುಂಬಿದವು. ಬೆಲೆ ಕಡಿಮೆ, ಬಣ್ಣ ಬಿಡುವುದಿಲ್ಲ, ಬೇಗ ಒಣಗುತ್ತವೆ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಇವು ಸಣ್ಣ ಅನುಕೂಲಗಳಲ್ಲ, ಅವನ್ನು ಆರಿಸಿದ್ದಕ್ಕೆ ಅವಳನ್ನು ದೂರುವಂತಿಲ್ಲ. ಆದರೆ ಎರಡನೆಯ ಬಾಳಿಗೆ ಬಂದಾಗ ಲೆಕ್ಕ ತಿರುಗುತ್ತದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 0.4ರಷ್ಟು ಮಾತ್ರ. ಅಂಥ ಸೀರೆಯ ಕೌದಿ ಬೆವರು ಹೀರುವುದಿಲ್ಲ. ಮೈ ಮೇಲಿಂದ ಜಾರುತ್ತದೆ. ಹೊಲಿಯುವಾಗಲೂ ಪದರಗಳು ಒಂದರ ಮೇಲೊಂದು ನಿಲ್ಲದೆ ಸರಿದಾಡುತ್ತವೆ. ಅದು ಕಾಲೊರಸಾದರೆ ನೀರು ಹೀರದು, ಮಣ್ಣಿಗೆ ಬಿದ್ದರೆ ಕರಗದು. ಹತ್ತಿಯೋ ಅಲ್ಲವೋ ಎಂಬ ಅನುಮಾನ ಬಂದರೆ ಒಂದೆಳೆ ಸುಟ್ಟು ನೋಡುವುದು ಹಳೆಯ ಪರೀಕ್ಷೆ. ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉದುರಿದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಹೀಗೆಂದು ಸಿಂಥೆಟಿಕ್ ಅರಿವಿ ಪೂರ್ತಿ ವ್ಯರ್ಥವಲ್ಲ. ಅದರ ಗುಣಕ್ಕೆ ಒಪ್ಪುವ ರೂಪ ಹುಡುಕಬೇಕು. ನೀರು ಹೀರದ ಗುಣ ಸಂತೆಯ ಕೈಚೀಲಕ್ಕೆ ಒಳ್ಳೆಯದು. ಉದ್ದಕ್ಕೆ ಸೀಳಿ ಜಡೆ ಹೆಣೆದರೆ ಗಟ್ಟಿ ಹಗ್ಗ, ಹಗ್ಗ ಸುತ್ತಿ ಹೊಲಿದರೆ ಚಾಪೆ. ಈಗಿನ ಬೇರೆ ಉಡುಪುಗಳಿಗೂ ಇದೇ ಮಾತು. ಟೀ ಶರ್ಟಿನ ಹೆಣಿಗೆ ಬಟ್ಟೆ ಕತ್ತರಿಸಿದ ಕಡೆ ಎಳೆ ಬಿಡುವುದು ಕಡಿಮೆ. ಅದನ್ನು ಸುರುಳಿಯಾಗಿ ಒಂದೇ ಪಟ್ಟಿ ಕತ್ತರಿಸಿ ಎಳೆದರೆ ಅಂಚು ಒಳಗೆ ಸುರುಟಿ ದಪ್ಪ ನೂಲಿನಂತಾಗುತ್ತದೆ. ಜೀನ್ಸಿನಲ್ಲಿ ಮೊಣಕಾಲು ಸವೆದರೂ ಕಾಲಿನ ಹಿಂಭಾಗ ಗಟ್ಟಿ ಇರುತ್ತದೆ, ಶಾಲೆಯ ಚೀಲಕ್ಕೆ ಅದಕ್ಕಿಂತ ಗಟ್ಟಿ ಬಟ್ಟೆ ಸಿಗುವುದು ಕಷ್ಟ. ಅಂಗಿಯ ಕಾಲರ್ ಹರಿದರೆ ಬಿಚ್ಚಿ, ಮಗುಚಿ, ಮರಳಿ ಹಚ್ಚಿಕೊಡುವ ದರ್ಜಿಗಳು ಹಿಂದೆ ಎಲ್ಲ ಊರಲ್ಲಿದ್ದರು. ಆ ಒಂದು ಹೊಲಿಗೆಯಿಂದ ಅಂಗಿಗೆ ಮತ್ತೆರಡು ವರ್ಷ ಆಯುಷ್ಯ ಬರುತ್ತಿತ್ತು.

ಯಂತ್ರದ ದಾರಿಯೂ ಇದೆ. ಹರಿಯಾಣದ ಪಾಣಿಪತ್ತಿನಲ್ಲಿ ಹೊರದೇಶಗಳ ಹಳೆ ಉಣ್ಣೆ ಬಟ್ಟೆಯನ್ನು ಬಣ್ಣದ ಪ್ರಕಾರ ವಿಂಗಡಿಸಿ, ಸಿಗಿದು, ಮತ್ತೆ ನೂತು, ಕಂಬಳಿ ನೇಯುತ್ತಾರೆ. ಸಿಗಿಯುವಾಗ ನಾರು ತುಂಡಾಗುವುದರಿಂದ ಹೊಸ ನೂಲು ಹಳೆಯದಕ್ಕಿಂತ ದುರ್ಬಲ. ಕೌದಿಯಲ್ಲಿ ನಾರಿಗೆ ಆ ಪೆಟ್ಟು ಬೀಳುವುದಿಲ್ಲ. ನೇಯ್ಗೆ ಹಾಗೆಯೇ ಉಳಿದು ದುರ್ಬಲ ಪದರಗಳು ಒಂದಕ್ಕೊಂದು ಆಸರೆಯಾಗುತ್ತವೆ.

ಕೌದಿ ಹರಿದರೆ ಅದರ ಮೇಲೆ ಇನ್ನೊಂದು ಸೀರೆ ಹಾಸಿ ಮತ್ತೆ ಹೊಲಿಯುತ್ತಾರೆ, ಹಳೆಯ ಕೌದಿ ಹೊಸದರ ಹೊಟ್ಟೆಯಾಗುತ್ತದೆ. ಅದೂ ಮುಗಿದ ಮೇಲೆ ದನದ ಮೈ ಮೇಲೆ, ಹಗೇವಿನ ಬಾಯಿಗೆ, ಒಲೆಯ ಬಳಿ ಬಿಸಿ ಪಾತ್ರೆ ಹಿಡಿಯುವ ಮಸಿ ಅರಿವಿಯಾಗಿ ಚೂರು ಚೂರು ಹಂಚಿಹೋಗುತ್ತದೆ. ಒಳ್ಳೆಯ ಬಿಳಿ ಧೋತರದ ತುಂಡು ದೇವರ ಮುಂದಿನ ಬತ್ತಿಯಾಗುತ್ತದೆ. ಗೋಂಧಳದ ರಾತ್ರಿ ಉರಿಯುವ ದಿವಟಿಗೆ ಸುತ್ತುವುದೂ ಎಣ್ಣೆಯಲ್ಲಿ ತೊಯ್ಸಿದ ಹಳೆಯ ಹತ್ತಿ ಅರಿವಿಯೇ. ಪಾಲಿಯೆಸ್ಟರ್ ಉರಿ ತಾಗಿದರೆ ಕರಗಿ ತೊಟ್ಟಿಕ್ಕುತ್ತದೆ. ಹತ್ತಿ ಮಾತ್ರ ಬುದಲಿಯಿಂದ ಎಣ್ಣೆ ಸುರಿದಷ್ಟು ಹೊತ್ತೂ ಕುಡಿಯುತ್ತ, ಬೆಳಗಿನ ತನಕ ಉರಿಯುತ್ತದೆ.