ನೋಡು, ನೋಡಿಕೊ, ಲುಕ್ ಆಫ್ಟರ್

ಚನ್ನರಾಯಪಟ್ಟಣದಿಂದ ಹಾಸನಕ್ಕೆ ದಿನಾ ಓಡಾಡುವವರನ್ನು ಕೇಳಿದರೆ ‘ಅಪ್ ಅಂಡ್ ಡೌನ್ ಮಾಡ್ತೀನಿ’ ಅನ್ನುತ್ತಾರೆ. ಬಸ್ಸು ದಾರಿಯಲ್ಲಿ ‘ಬ್ರೇಕ್‌ಡೌನ್’ ಆಗುತ್ತದೆ. ಹಳೇ ಬೈಕಿಗೆ ‘ಪಿಕಪ್’ ಇರುವುದಿಲ್ಲ. ಅಮ್ಮನನ್ನು ‘ಚೆಕಪ್’ಗೆ ಕರೆದೊಯ್ಯಬೇಕು, ಪಹಣಿಯ ‘ಪ್ರಿಂಟೌಟ್’ ತೆಗೆಸಬೇಕು, ಊರಾಚೆಯ ತೋಟ ‘ಲೇಔಟ್’ ಆಗಿದೆ, ಚಿತ್ರಮಂದಿರದ ಮುಂದೆ ‘ಕಟೌಟ್’ ನಿಂತಿದೆ, ಮೈದಾನದಲ್ಲಿ ಒಬ್ಬ ‘ರನೌಟ್’ ಆಗಿದ್ದಾನೆ, ಇನ್ನೊಬ್ಬನ ಫೋನ್ ‘ಸ್ವಿಚಾಫ್’. ಇಷ್ಟೆಲ್ಲ ಬಾಯಲ್ಲಿರುವ ಹುಡುಗ ಇಂಗ್ಲಿಷ್ ಪೀರಿಯಡ್ಡಿನಲ್ಲಿ ‘ಫ್ರೇಸಲ್ ವರ್ಬ್’ ಎಂಬ ತಲೆಬರಹ ಕಂಡ ಕೂಡಲೇ ಮುಖ ಮುದುಡಿಸುತ್ತಾನೆ.

ಈ ಭಯ ಹಳೆಯದು. 1755ರಲ್ಲಿ ತನ್ನ ನಿಘಂಟಿಗೆ ಮುನ್ನುಡಿ ಬರೆಯುವಾಗಲೇ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಬೆನ್ನಿಗೆ ಪುಟ್ಟ ಪದವೊಂದು ಸೇರಿ ಅರ್ಥ ಬದಲಾಗುವ ಪರಿ ಪರದೇಶದವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ ಎಂದು ಗುರುತಿಸಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಚಲಾವಣೆಗೆ ಬಂದದ್ದು ಬಹಳ ತಡವಾಗಿ, ಲೋಗನ್ ಪಿಯರ್ಸಲ್ ಸ್ಮಿತ್‌ನ 1925ರ ಪುಸ್ತಕದಿಂದ. ‘ಗಿವ್’ ಅಂದರೆ ಕೊಡು, ‘ಅಪ್’ ಅಂದರೆ ಮೇಲೆ. ಆದರೆ ‘ಗಿವ್ ಅಪ್’ ಅಂದರೆ ಕೈಬಿಡು. ಗೈಡುಗಳು ಇಂಥವನ್ನು ಉದ್ದುದ್ದ ಪಟ್ಟಿ ಮಾಡಿ ಕೊಡುತ್ತವೆ, ಮಕ್ಕಳು ಉರುಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆಯುತ್ತಾರೆ.

‘ಗಿವ್ ಅಪ್’ಗೆ ಅರ್ಥ ಹೇಳಲು ‘ಕೈಬಿಡು’ ಬೇಕಾಯಿತಲ್ಲ, ಪಾಠ ಶುರುವಾಗಬೇಕಾದ್ದು ಅಲ್ಲಿಂದ. ಕೈ, ಬಿಡು ಎರಡೂ ಒಂದನೇ ತರಗತಿಯ ಪದಗಳು. ಎರಡೂ ಕೂಡಿದಾಗ ಹುಟ್ಟುವ ಅರ್ಥ ಕೈಯಲ್ಲೂ ಇಲ್ಲ, ಬಿಡುವುದರಲ್ಲೂ ಇಲ್ಲ. ‘ಕೈಕೊಡು’ ಇನ್ನೂ ವಿಚಿತ್ರ. ‘ಈ ಸಲ ಮಳೆ ಕೈಕೊಟ್ಟಿತು’ ಅಂದರೆ ರೈತನ ಮನೆಯ ಐದು ವರ್ಷದ ಮಗುವಿಗೂ ಬಿಡಿಸಿ ಹೇಳಬೇಕಿಲ್ಲ. ಮೋಡಕ್ಕೆ ಕೈ ಎಲ್ಲಿದೆ ಎಂದು ಅದು ಕೇಳುವುದೂ ಇಲ್ಲ. ಇಂಗ್ಲಿಷಿನವನು ಅದನ್ನೇ ‘ದಿ ರೇನ್ಸ್ ಲೆಟ್ ಅಸ್ ಡೌನ್’ ಅಂದಾನು. ಕೈಹಿಡಿ, ಮೈಮರೆ, ತಲೆದೂಗು ಇವನ್ನು ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಕ್ರಿಯಾಸಮಾಸ ಎಂದು ಕಲಿಸುತ್ತಾರೆ. ಕೇಶಿರಾಜ 13ನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲೇ ಅದರ ಮಾತೆತ್ತಿದ್ದಾನೆ. ಒಂದು ಪೀರಿಯಡ್ಡಿನಲ್ಲಿ ಕ್ರಿಯಾಸಮಾಸ, ಗಂಟೆ ಬಾರಿಸಿದ ಮೇಲೆ ಫ್ರೇಸಲ್ ವರ್ಬ್. ಎರಡನ್ನೂ ಅದೇ ಮಕ್ಕಳು ಅದೇ ಬೆಂಚಿನಲ್ಲಿ ಕೂತು ಕಲಿಯುತ್ತಾರೆ. ಇದು ಅದರ ನೆಂಟ ಎಂದು ಹೇಳುವವರು ಮಾತ್ರ ಅಪರೂಪ.

ಈ ಸೀಮೆಯ ಆಡುಮಾತಿನಲ್ಲಿ ಇನ್ನೂ ದೊಡ್ಡ ಆಸ್ತಿಯೊಂದಿದೆ: ‘ಬುಡು’. ‘ತಿನ್ನು’ ಅಂದರೆ ಬರೀ ತಿನ್ನು. ‘ತಿಂದ್ಬುಡು’ ಅಂದರೆ ತಟ್ಟೆಯಲ್ಲಿ ಉಳಿಸದೆ ಮುಗಿಸು. ‘ಈಟ್’, ‘ಈಟ್ ಅಪ್’ ನಡುವೆ ಇರುವುದೂ ಅಷ್ಟೇ ಅಂತರ. ಕುಡಿದ್ಬುಡು ಅಂದರೆ ‘ಡ್ರಿಂಕ್ ಅಪ್’. ಕೆರೆ ಒಣಗಿಹೋಯ್ತು, ‘ಡ್ರೈಡ್ ಅಪ್’. ಬಲ್ಬು ಸುಟ್ಟುಹೋಯ್ತು, ‘ಬರ್ನ್ಟ್ ಔಟ್’. ಕಾಗದ ಹರಿದುಹಾಕಿದ, ‘ಟೋರ್ ಅಪ್’. ಕನ್ನಡ ಒಂದು ಕ್ರಿಯೆಗೆ ಇನ್ನೊಂದು ಕ್ರಿಯೆಯನ್ನು ಗಂಟು ಹಾಕುತ್ತದೆ, ಇಂಗ್ಲಿಷ್ ದಿಕ್ಕು ತೋರಿಸುವ ಪದವೊಂದನ್ನು ಗಂಟು ಹಾಕುತ್ತದೆ. ಎಸ್.ಎಲ್. ಭೈರಪ್ಪನವರ ಹುಟ್ಟೂರು ಸಂತೇಶಿವರ ಇದೇ ಚನ್ನರಾಯಪಟ್ಟಣ ತಾಲ್ಲೂಕಿನದು. ‘ಗೃಹಭಂಗ’ದ ಜನ ಆಡುವುದೂ ಈ ಸೀಮೆಯ ಮಾತನ್ನೇ. ಅದರ ಒಂದು ಪುಟ ತೆಗೆದು ಎಷ್ಟು ಕ್ರಿಯಾಪದಗಳಿಗೆ ಬಾಲವಿದೆ ಎಂದು ಮಕ್ಕಳು ಎಣಿಸಿದರೆ, ಅದೇ ಒಳ್ಳೆಯ ಇಂಗ್ಲಿಷ್ ಪಾಠವಾದೀತು.

ಎಲ್ಲಕ್ಕಿಂತ ಚೆಂದದ ಜೋಡಿ ‘ನೋಡಿಕೊ’. ‘ಅಜ್ಜೀನ ನೋಡು’ ಅಂದರೆ ಕಣ್ಣಿನ ಕೆಲಸ. ‘ಅಜ್ಜೀನ ನೋಡ್ಕೊ’ ಅಂದರೆ ಹೊತ್ತಿಗೆ ಸರಿಯಾಗಿ ಮಾತ್ರೆ, ಊಟ, ಬಿಸಿನೀರು, ಪಕ್ಕದಲ್ಲಿ ಒಂದು ಜೀವ. ಇಂಗ್ಲಿಷಿನ ‘ಲುಕ್’ ಕೂಡ ‘ಆಫ್ಟರ್’ ಸೇರಿದೊಡನೆ ಕಣ್ಣಿನಿಂದ ಆರೈಕೆಗೆ ಇಳಿಯುತ್ತದೆ. ಎಲ್ಲಿಯ ಹೇಮಾವತಿ, ಎಲ್ಲಿಯ ಥೇಮ್ಸ್! ಎರಡೂ ದಂಡೆಯ ಜನ ನೋಡುವುದರಲ್ಲೇ ಪೊರೆಯುವುದನ್ನು ಕಂಡಿದ್ದಾರೆ. ಇದನ್ನು ತರಗತಿಯಲ್ಲಿ ಒಮ್ಮೆ ಹೇಳಿದರೆ ಸಾಕು, ಆ ಮಗು ‘ಲುಕ್ ಆಫ್ಟರ್’ ಅನ್ನು ಮತ್ತೆ ಉರುಹೊಡೆಯಬೇಕಿಲ್ಲ.

1985ರಲ್ಲಿ ಡಾಗಟ್ ಮತ್ತು ಲಾಫರ್ ಎಂಬ ಸಂಶೋಧಕರು ಹೀಬ್ರೂ ಮನೆಮಾತಿನ ವಿದ್ಯಾರ್ಥಿಗಳು ಫ್ರೇಸಲ್ ವರ್ಬ್‌ಗಳಿಂದ ತಪ್ಪಿಸಿಕೊಂಡು ಒಂಟಿ ಕ್ರಿಯಾಪದಗಳನ್ನೇ ಬಳಸುವುದನ್ನು ಕಂಡರು. ಹೀಬ್ರೂವಿನಲ್ಲಿ ಅಂಥ ರಚನೆ ಇಲ್ಲದಿರುವುದೇ ಕಾರಣ ಎಂದು ವಾದಿಸಿದರು. ಕನ್ನಡದ ಮಕ್ಕಳಿಗೆ ಆ ಕೊರತೆಯಿಲ್ಲ. ಅವರ ಮನೆಮಾತಿನಲ್ಲಿ ಪದಕ್ಕೆ ಪದ ಹೊಂದದಿದ್ದರೂ ಇದೇ ಬಗೆಯ ಹೆಣಿಗೆ ಇದೆ. ಅದನ್ನು ಬಾಗಿಲಾಚೆ ನಿಲ್ಲಿಸುವುದು ‘ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಬೇಡಿ’ ಎಂಬ ಕಟ್ಟಳೆ. ಬೆಂಗಳೂರಿನ ದಾರಿಯಲ್ಲಿ ಸಿಗುವ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷ್ ಮೇಷ್ಟ್ರು. 1926ರಲ್ಲಿ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ ‘ಇಂಗ್ಲಿಷ್ ಗೀತಗಳು’ ಕೊಟ್ಟವರೂ ಅವರೇ. ಒಂದು ಭಾಷೆ ಕಲಿಸಲು ಇನ್ನೊಂದರ ಬಾಯಿ ಕಟ್ಟಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಕಣ್ಣು ಮುಚ್ಚಿ ಅನುವಾದಿಸಿದರೆ ಎಡವುವುದು ಖಂಡಿತ. ಕನ್ನಡದಲ್ಲಿ ಮದುವೆಯನ್ನು ‘ಮುಂದಕ್ಕೆ’ ಹಾಕುತ್ತಾರೆ. ಅದನ್ನೇ ‘ಪುಟ್ ಫಾರ್ವರ್ಡ್’ ಎಂದರೆ ಲಗ್ನ ಇನ್ನೂ ಬೇಗ ಎಂದು ಅರ್ಥವಾದೀತು. ಇಂಗ್ಲಿಷಿನವರು ‘ಪುಟ್ ಆಫ್’ ಅಥವಾ ‘ಪುಟ್ ಬ್ಯಾಕ್’ ಅನ್ನುತ್ತಾರೆ, ಹಿಂದಕ್ಕೆ! ‘ಪಿಕ್ ಇಟ್ ಅಪ್’ ಸರಿ, ‘ಪಿಕ್ ಅಪ್ ಇಟ್’ ತಪ್ಪು ಎಂಬ ನಿಯಮವನ್ನೂ ಬೇರೆಯಾಗಿಯೇ ಕಲಿಯಬೇಕು.

ಕಲಿಯಬೇಕಾದ ರಾಶಿಯೂ ಗೈಡುಗಳು ಹೆದರಿಸುವಷ್ಟು ದೊಡ್ಡದಲ್ಲ. 2007ರಲ್ಲಿ ಗಾರ್ಡ್ನರ್ ಮತ್ತು ಡೇವಿಸ್ 10 ಕೋಟಿ ಪದಗಳ ಬ್ರಿಟಿಷ್ ಪದಸಂಚಯವನ್ನು ಜಾಲಾಡಿದಾಗ, ಗೋ, ಕಮ್, ಟೇಕ್, ಸೆಟ್ ಮುಂತಾದ 20 ಕ್ರಿಯಾಪದಗಳು ಔಟ್, ಅಪ್, ಆನ್, ಬ್ಯಾಕ್, ಡೌನ್, ಇನ್, ಆಫ್, ಓವರ್ ಎಂಬ 8 ಬಾಲಗಳೊಡನೆ ಸೇರಿಯೇ ಫ್ರೇಸಲ್ ವರ್ಬ್‌ಗಳ ಅರ್ಧಕ್ಕಿಂತ ಹೆಚ್ಚು ಬಳಕೆಯನ್ನು ಹೊತ್ತಿರುವುದು ಕಂಡಿತು. ಚಾರ್ಲ್ಸ್ ಆಗ್ಡೆನ್ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಕಟ್ಟಿದಾಗ 18 ಕ್ರಿಯಾಪದಗಳಲ್ಲೇ ಸಂಸಾರ ತೂಗಿಸಿದ್ದೂ ಇಂಥ ಬಾಲಗಳನ್ನು ನಂಬಿಯೇ.

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಿತ್ತು. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಭಾಷೆ ಬಂದು ದಶಕ ದಾಟಿದೆ. ಅಂಕ ತೆಗೆಯುವ ಶಕ್ತಿ ಈ ಮಕ್ಕಳಿಗೆ ಧಾರಾಳವಾಗಿದೆ. ಆದರೆ ಓದಿ ಬೆಂಗಳೂರಿಗೆ ಹೋದವರಿಗೆ ಫೋನಿನ ಆ ಕಡೆಯಿಂದ ‘ಹ್ಯಾಂಗ್ ಆನ್’ ಎಂಬ ಮಾತು ಬಂದಾಗ ‘ಹ್ಯಾಂಗ್’ ಅಂದರೆ ನೇತುಹಾಕು ಎಂಬುದಷ್ಟೇ ನೆನಪಾದರೆ ಎಷ್ಟು ಒದ್ದಾಟ! ‘ಒಸಿ ತಡ್ಕೊ’ ಅಂದಹಾಗೆ ಎಂದು ಊರಿನಲ್ಲೇ ಯಾರಾದರೂ ಹೇಳಿಕೊಡಬೇಕಿತ್ತು.

ತಾಲ್ಲೂಕಿನ ಪ್ರತಿ ಹೈಸ್ಕೂಲಿನಲ್ಲೂ ಕನ್ನಡ ಮೇಷ್ಟ್ರೂ ಇಂಗ್ಲಿಷ್ ಮೇಷ್ಟ್ರೂ ತಿಂಗಳಿಗೊಂದು ಪೀರಿಯಡ್ ಜೊತೆಯಾಗಿ ತೆಗೆದುಕೊಳ್ಳಲಿ. ಹಲಗೆಯ ಒಂದು ಕಡೆ ಬಿಡು, ಹಾಕು, ಹೋಗು, ಕೊಳ್ಳು, ಇನ್ನೊಂದು ಕಡೆ ಅಪ್, ಔಟ್, ಆಫ್, ಡೌನ್ ಇರಲಿ. ಆಮೇಲೆ ಪೇಟೆಯ ಪದಗಳನ್ನು ಒಂದೊಂದಾಗಿ ಬಿಚ್ಚಲಿ. ‘ಪ್ರಿಂಟೌಟ್’ ಬಿಚ್ಚಿದರೆ ‘ಪ್ರಿಂಟ್ ಇಟ್ ಔಟ್’, ‘ಸ್ವಿಚಾಫ್’ ಬಿಚ್ಚಿದರೆ ‘ಸ್ವಿಚ್ ಇಟ್ ಆಫ್’. ತಡವಾಗಿ ಬಂದ ಹುಡುಗಿ ಬಾಗಿಲಲ್ಲಿ ನಿಂತು ‘ಬಸ್ ಬ್ರೇಕ್‌ಡೌನ್ ಆಯ್ತು ಸಾರ್’ ಅಂದಾಗ ಮೇಷ್ಟ್ರು ಗದರದೆ, ಅದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದು ಒಂದು ನಿಮಿಷ ಕಾಯಲಿ. ಅವಳ ಬಾಯಲ್ಲಿ ಆಗಲೇ ಇರುವ ಎರಡು ಪದಗಳ ಪೈಕಿ ಒಂದನ್ನು ಸ್ವಲ್ಪ ತಿರುಗಿಸಿದರಾಯಿತು: ‘ದಿ ಬಸ್ ಬ್ರೋಕ್ ಡೌನ್, ಸಾರ್.’