ತಲೆಗೆ ಯಾವ ಎಣ್ಣೆ? ಬದುವನ್ನು ಕೇಳಿ

ಎಣ್ಣೆಕಾಳು ಬೆಳೆಯುವ ನಾವೇ ತಲೆಗೆ ಹಚ್ಚುವ ಎಣ್ಣೆಯನ್ನು ಅಂಗಡಿಯಿಂದ ತರುತ್ತೇವೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಯಾವ ಹಳ್ಳಿಗೆ ಬೇಕಾದರೂ ಹೋಗಿ ನೋಡಿ. ತೋಟದಲ್ಲಿ ತೆಂಗು, ಹೊಲದಲ್ಲಿ ಸೂರ್ಯಕಾಂತಿ, ಕಡ್ಲೆಕಾಯಿ. ಬಚ್ಚಲ ಗೂಡಿನಲ್ಲಿ ಮಾತ್ರ ಬಣ್ಣದ ಬಾಟ್ಲಿ!

ಇದು ಹೆಂಗಸರ ಪತ್ರಿಕೆಗೆ ಬರೆಯೋ ವಿಷಯ ಅಲ್ವಾ ಅಂತ ಕೆಲವರು ಕೇಳಬಹುದು. ಎಣ್ಣೆ ಅಂದರೆ ಬೆಳೆ. ಬೆಳೆ ಅಂದ ಮೇಲೆ ಅದು ಕೃಷಿಕರ ವಿಷಯವೇ. ಅದೂ ಅಲ್ಲದೆ ಬಾಟ್ಲಿಗೆ ಹೋಗುವ ದುಡ್ಡು ಯಾರ ಜೇಬಿನದ್ದು?

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಯಾವ ಎಣ್ಣೆಯೂ ಬೋಳು ತಲೆಯಲ್ಲಿ ಕೂದಲು ಹುಟ್ಟಿಸುವುದಿಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಅದಕ್ಕೆ ಗೊಬ್ಬರ ಹಾಕಿ ಬೆಳೆಸೋಕ್ಕಾಗಲ್ಲ. ಒರಟಾಗದಂತೆ, ಸೀಳದಂತೆ, ಬಾಚುವಾಗ ತುಂಡಾಗದಂತೆ ಕಾಯಬಹುದು, ಅಷ್ಟೆ. ಎಣ್ಣೆಯನ್ನು ಆರಿಸುವುದು ಈ ಕೆಲಸಕ್ಕೆ.

ಯಾವುದಕ್ಕೆ ಯಾವ ಗುಣ?

ಈ ಕೆಲಸದಲ್ಲಿ ತೆಂಗಿನೆಣ್ಣೆ ಮುಂದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದ್ದರು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ತೆಂಗಿನೆಣ್ಣೆ ಒಂದೇ. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯ ಸಂಶೋಧಕರು ಅನ್ನುವುದನ್ನೂ ಹೇಳಿಬಿಡಬೇಕು. ಆದರೆ ಅವರು ಕೊಟ್ಟ ಕಾರಣ ಒಪ್ಪುವಂಥದ್ದು. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧ ಪಾಲು ಲಾರಿಕ್ ಆಮ್ಲ. ಅದರ ಕಣ ಚಿಕ್ಕದು, ನೇರ. ಹಾಗಾಗಿ ಕೂದಲಿನೊಳಕ್ಕೆ ಇಳಿಯುತ್ತದೆ. ಉಳಿದ ಎರಡು ಮೇಲೆ ಹೊದಿಕೆಯಂತೆ ಕೂರುತ್ತವೆ.

ಚಳಿಗಾಲದಲ್ಲಿ ನಮ್ಮಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಕಲಬೆರಕೆ ಅಂತ ಗಾಬರಿ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ.

ಎಳ್ಳೆಣ್ಣೆಗೆ ನಮ್ಮ ಹಿರಿಯರು ಇಟ್ಟ ಹೆಸರೇ ಒಳ್ಳೆಣ್ಣೆ. ಎಣ್ಣೆ ಸ್ನಾನಕ್ಕೆ ಇದೇ ಆಗಬೇಕು ಅನ್ನುವವರು ಈಗಲೂ ಇದ್ದಾರೆ. ಕೆಡದಂತೆ ಕಾಯುವ ಅಂಶಗಳು ಎಳ್ಳಿನಲ್ಲೇ ಇರುವುದರಿಂದ ಬೇಗ ಕಮಟುವುದಿಲ್ಲ. ಚಳಿಗೆ ಹೆಪ್ಪುಗಟ್ಟುವ ತೊಂದರೆಯೂ ಇಲ್ಲ.

ಹರಳೆಣ್ಣೆ ಬೇರೆ ಜಾತಿ. ಅದರ ಸುಮಾರು ನೂರಕ್ಕೆ ತೊಂಬತ್ತು ಪಾಲು ರಿಸಿನೋಲಿಕ್ ಆಮ್ಲ, ಅದಕ್ಕೇ ಅಷ್ಟು ಮಂದ. ಒರಟು ಕೂದಲಿಗೆ ಹೊಳಪು ಕೊಡುತ್ತದೆ, ಹಾರುವ ಕೂದಲನ್ನು ಕೂರಿಸುತ್ತದೆ. ಒಂದನ್ನೇ ಸುರಿದುಕೊಳ್ಳುವುದು ಮಾತ್ರ ತರವಲ್ಲ. ಉದ್ದ ಕೂದಲಿನ ಯುವತಿಯೊಬ್ಬಳು ಹರಳೆಣ್ಣೆ, ತೆಂಗಿನೆಣ್ಣೆ ಹಚ್ಚಿ ತೊಳೆದಾಗ ಕೂದಲು ಹಕ್ಕಿ ಗೂಡಿನಂತೆ ಗಂಟುಬಿದ್ದ ಪ್ರಕರಣವೊಂದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅಪರೂಪ ನಿಜ. ಆದರೂ ಮೂರು ಪಾಲು ತೆಂಗಿನೆಣ್ಣೆಗೆ ಒಂದು ಪಾಲು ಹರಳೆಣ್ಣೆ ದಾಟದಿರುವುದು ಲೇಸು.

ಸೂರ್ಯಕಾಂತಿ? ಮಳೆಗಾಲದಲ್ಲಿ ನಮ್ಮ ಹೊಲದಂಚಿಗೆ ಕಾರು ನಿಲ್ಲಿಸಿ ಫೋಟೋ ಹೊಡೆಸಿಕೊಳ್ಳುವವರಿಗೆ ಅದು ಚೆಂದ, ಒಗ್ಗರಣೆಗೂ ಸರಿ. ತಲೆಗೆ ಹಚ್ಚಿದರೆ ಕೂದಲು ನುಣುಪಾದೀತು, ಅದರಾಚೆಗೆ ದೊಡ್ಡ ಲಾಭ ಇಲ್ಲ.

ಬಾಟ್ಲಿ ತಿರುಗಿಸಿ ಓದಿ

ಅಂಗಡಿಯ 'ನೆಲ್ಲಿಕಾಯಿ', 'ಬಾದಾಮಿ' ತಲೆಯೆಣ್ಣೆಗಳ ಹಿಂದಿನ ಸಣ್ಣ ಅಕ್ಷರ ಓದಿ. ಹೆಚ್ಚು ಇರುವುದನ್ನು ಮೊದಲು ಬರೆಯುವುದು ಕ್ರಮ. ಎಷ್ಟೋ ಬಾಟ್ಲಿಗಳಲ್ಲಿ ಆ ಮೊದಲ ಹೆಸರು ಮಿನರಲ್ ಆಯಿಲ್ ಅಥವಾ ಲೈಟ್ ಲಿಕ್ವಿಡ್ ಪ್ಯಾರಾಫಿನ್. ಎಂದರೆ ಪೆಟ್ರೋಲಿಯಂನಿಂದ ಬಂದದ್ದು. ವಿಷ ಅಂತ ನಾನು ಹೇಳುತ್ತಿಲ್ಲ. ಜಿಡ್ಡು ಕಡಿಮೆ, ಹೊಳಪು ಉಂಟು. ಆದರೆ ನೆಲ್ಲಿಕಾಯಿಯ ದುಡ್ಡು ಕೊಟ್ಟು ಅದನ್ನು ಯಾಕೆ ತರಬೇಕು?

ಮೂಲಿಕೆ ಎಣ್ಣೆಯ ಮಾತೂ ಬಂತು. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಆದಿವಾಸಿ ಹೇರ್ ಆಯಿಲ್ ಈಗ ದೇಶಕ್ಕೆಲ್ಲ ಗೊತ್ತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಸಿಕ್ಕಿಕೊಂಡವರಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ತಮ್ಮ ಸರಕನ್ನು ತಾವೇ ಹೊತ್ತು ಮಾರುವ ಅವರ ಛಲ ನಾವು ಕಲಿಯಬೇಕಾದ್ದು. ಉದ್ದ ಕೂದಲಿನ ಜಾಹೀರಾತನ್ನು ಮಾತ್ರ ಪೂರ್ತಿ ನಂಬಬೇಕಿಲ್ಲ. ನೂರು ಮೂಲಿಕೆ ಹಾಕಿದರೂ ಬಾಟ್ಲಿಯ ಬಹುಪಾಲು ತಳದ ಎಣ್ಣೆಯೇ. ಆ ತಳದ ಎಣ್ಣೆ ಬೆಳೆಯುವವರು ಯಾರು? ನಾವು.

ಹರಳು ಎಲ್ಲಿ ಹೋಯಿತು?

ನನ್ನ ನಿಜವಾದ ಬೇಸರ ಇಲ್ಲಿದೆ. ಹೊಲದ ಸುತ್ತ ಹರಳು ಹಾಕುವುದು ನಮ್ಮಲ್ಲಿ ಹೇಳಿಕೊಡಬೇಕಾದ ವಿದ್ಯೆ ಆಗಿರಲಿಲ್ಲ. ಇಂದು ಅರಿಸಿನ, ಬಾಳೆ, ಸಣ್ಣೀರುಳ್ಳಿ ಬದುವಿನವರೆಗೂ ಬಂದಿವೆ, ಹರಳು ಆಚೆ ಹೋಗಿದೆ. ದೇಶದ ಹರಳಿನ ಬಹುಪಾಲು ಈಗ ಗುಜರಾತಿನದ್ದು.

ಗಿಡದ ಜೊತೆ ಕೈಕೆಲಸವೂ ಹೋಗುತ್ತಿದೆ. ಬೀಜ ಹದವಾಗಿ ಹುರಿದು, ಒರಳಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ಚಟಪಟ ಸದ್ದು ನಿಲ್ಲುವವರೆಗೆ ಮತ್ತೆ ಕಾಯಿಸುವುದು. ಈ ಹದ ಬಲ್ಲ ಅಜ್ಜಿಯರು ಊರಿಗೆ ಒಬ್ಬರೋ ಇಬ್ಬರೋ. ಅವರ ನಂತರ ಯಾರು?

ಒಂದು ಎಚ್ಚರಿಕೆ. ಹರಳುಬೀಜದಲ್ಲಿ ರಿಸಿನ್ ಎಂಬ ಕಡು ವಿಷವಿದೆ. ಅದು ಎಣ್ಣೆಗೆ ಇಳಿಯದೆ ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ, ಗಸಿಯನ್ನು ದನಕ್ಕೆ ಇಡಲೇಬೇಡಿ, ಗುಂಡಿಗೆ ಹಾಕಿ ಗೊಬ್ಬರ ಮಾಡಿ. ಬೀಜ ಮಕ್ಕಳ ಕೈಗೆ ಸಿಗದಿರಲಿ.

ಒಂದು ಮನೆಯ ಲೆಕ್ಕ

ವಾರಕ್ಕೊಮ್ಮೆ ತಲೆಗೆ 15 ಮಿ.ಲೀ. ಅನ್ನಿ. ವರ್ಷಕ್ಕೆ ಒಬ್ಬರಿಗೆ 780 ಮಿ.ಲೀ. ನಾಲ್ಕು ಜನರ ಮನೆಗೆ ಮೂರು ಲೀಟರ್ ಚಿಲ್ಲರೆ. ಇದರಲ್ಲಿ ಮುಕ್ಕಾಲು ಲೀಟರ್ ಹರಳೆಣ್ಣೆ. ಮನೆಯ ಕುದಿಸುವ ಪದ್ಧತಿಗೆ ಎರಡೂವರೆ ಕೆ.ಜಿ. ಬೀಜ ಸಾಕು. ಬದುವಿನ ಇಪ್ಪತ್ತೈದು ಗಿಡ ಅಷ್ಟು ಕೊಟ್ಟಾವು. ಉಳಿದದ್ದಕ್ಕೆ ಇಪ್ಪತ್ತೈದು ಮೂವತ್ತು ಬಲಿತ ತೆಂಗಿನಕಾಯಿ. ಒಣಗಿಸಿ ಗಾಣಕ್ಕೆ ಕೊಟ್ಟರಾಯಿತು. ಕೊಬ್ಬರಿಯಲ್ಲಿ ನೂರಕ್ಕೆ ಅರುವತ್ತರ ಮೇಲೆ ಎಣ್ಣೆ.

2025ರಲ್ಲಿ ತೆಂಗಿನೆಣ್ಣೆ ದರ ದಾಖಲೆಗೆ ಏರಿತು. 'ಕಾಯಿ ಮಾರಿ ಅಗ್ಗದ ಬಾಟ್ಲಿ ತಂದರೆ ಲಾಭ' ಅನ್ನೋರು ಆಗ ಹುಟ್ಟಿಕೊಂಡರು. ಮೂವತ್ತು ಕಾಯಿ ಮನೆಗೆ ಇಟ್ಟುಕೊಂಡರೆ ಮುಳುಗಿಹೋಗುವ ತೋಟ ಯಾವುದಿದೆ?

ಹರಳಿಂದ ಲಾಭ ಎಣ್ಣೆಗೆ ಮುಗಿಯಲ್ಲ. ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳುವಿನ ಚಿಟ್ಟೆ ಮೊದಲು ಹರಳಿನ ಎಲೆಗೇ ಮೊಟ್ಟೆ ಇಡುತ್ತದೆ. ಆ ಎಲೆ ಕಿತ್ತು ನಾಶ ಮಾಡಿದರೆ ಕಡ್ಲೆಕಾಯಿಗೆ ಔಷಧಿ ಹೊಡೆಯುವುದು ಕಡಿಮೆಯಾದೀತು.

ಹಚ್ಚುವ ಕ್ರಮ

ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ ಕೂದಲಿನ ಉದ್ದಕ್ಕೆ, ತುದಿಗೆ ಹಚ್ಚಿ. ಹೊಟ್ಟಿನ ಕಾಟ ಇರುವವರು ಬುಡಕ್ಕೆ ತುಂಬಿಕೊಂಡು ದಿನಗಟ್ಟಲೆ ಬಿಡಬಾರದು. ಹೊಟ್ಟಿನ ಜೊತೆಗಾರ ಶಿಲೀಂಧ್ರಕ್ಕೆ ಆ ಜಿಡ್ಡೇ ಊಟ. ತೊಳೆಯಲು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರುವ ಸೀಗೆಕಾಯಿ ಸಿಕ್ಕರೆ ಕೊಳ್ಳಿ. ಎಣ್ಣೆ ನಮ್ಮದು, ಸೀಗೆ ಅವರದ್ದು, ದುಡ್ಡು ಜಿಲ್ಲೆಯಲ್ಲೇ ಉಳಿಯಲಿ.

ಇದನ್ನು ಬಾಟ್ಲಿಗೆ ತುಂಬಿ ಮಾರೋಣ ಅನ್ನುವವರಿಗೆ ಒಂದು ಮಾತು. ತಲೆಯೆಣ್ಣೆ ಎಂದು ತಯಾರಿಸಿ ಮಾರಿದರೆ ಕಾಸ್ಮೆಟಿಕ್ ಲೈಸೆನ್ಸ್ ಬೇಕು. ಹಾಗಾಗಿ ಮೊದಲು ನಮ್ಮ ಮನೆ, ನೆಂಟರ ಮನೆ ಸಾಲುವಷ್ಟು ಮಾಡೋಣ. ಮಾರಾಟ ಆಮೇಲಿನದು.

ಈ ಮುಂಗಾರಿಗೆ ಬದುವಿನಲ್ಲಿ ಇಪ್ಪತ್ತೈದು ಹರಳುಬೀಜ ಊರಿ. ತೆರಕಣಾಂಬಿ, ಬೇಗೂರು, ಹಂಗಳ ಕಡೆ ಇನ್ನೂ ಹರಳೆಣ್ಣೆ ಕಾಯಿಸುವವರಿದ್ದರೆ ಹುರಿಯುವ ಹದ, ಸಿಕ್ಕಿದ ಎಣ್ಣೆಯ ತೂಕ ಎರಡನ್ನೂ ಪತ್ರಿಕೆಗೆ ಬರೆಯಿರಿ. ಬರೆಯಲು ಬಾರದ ಅಜ್ಜಿಯಾದರೆ ಮೊಮ್ಮಕ್ಕಳು ಕೇಳಿ ಬರೆದುಕೊಳ್ಳಲಿ. ಅಜ್ಜಿ ಇರುವಾಗಲೇ ಈ ಕೆಲಸ ಆಗಬೇಕು.