ಲಿಪಿ ನಮ್ಮದು, ನುಡಿ ಕೊಡಗಿನದು



ಶನಿವಾರ ಬಂತೆಂದರೆ ಬೆಂಗಳೂರಿನಿಂದ ಮಡಿಕೇರಿಗೆ ಹೊರಡುವ ವಾಹನಗಳ ಸಾಲು ನೋಡಿದ್ದೀರಿ. ಅದರಲ್ಲಿ ನೀವೂ ಇರಬಹುದು. ರಾಜಾಸೀಟು, ಅಬ್ಬಿ ಜಲಪಾತ, ವಾಪಸು ಬರುವಾಗ ಒಂದು ಬಾಟಲಿ ಜೇನುತುಪ್ಪ, ಒಂದು ಪೊಟ್ಟಣ ಕಾಫಿಪುಡಿ. ಆ ಬೆಟ್ಟದ ಜನ ತಮ್ಮ ಚರಿತ್ರೆಯನ್ನು ಎಲ್ಲಿ ಬರೆದಿಟ್ಟಿದ್ದಾರೆ ಎಂದು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ಬರೆದಿಟ್ಟವರು ನಡಿಕೇರಿಯಂಡ ಚಿಣ್ಣಪ್ಪ. 1875ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡರು. ಯಾವ ವಿಶ್ವವಿದ್ಯಾನಿಲಯದ ಪ್ರೊಫೆಸರೂ ಅಲ್ಲ, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ನಾಲ್ಕು ಜನ ದುಡಿ ಬಡಿಯುತ್ತಾ ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಹಬ್ಬದಲ್ಲಿ ಹಾಡುವ ಬಾಳೋಪಾಟ್ ಇದೆಯಲ್ಲ, ಬಾಯಿಂದ ಬಾಯಿಗೆ ಬಂದಿದ್ದ ಆ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು. 1924ರಲ್ಲಿ ಅದು 'ಪಟ್ಟೋಲೆ ಪಳಮೆ' ಎಂಬ ಪುಸ್ತಕವಾಯಿತು. ಮೂರರಲ್ಲಿ ಎರಡು ಪಾಲು ಹಾಡುಗಳೇ. ಉಳಿದದ್ದು ಕಟ್ಟಳೆ, ಆಚಾರ, ಗಾದೆ. ಒಂದು ಸಮುದಾಯದ ಜಾನಪದವನ್ನು ಇಷ್ಟು ದೊಡ್ಡದಾಗಿ, ಅದರ ನುಡಿಯಲ್ಲೇ ಕೂಡಿಟ್ಟ ಕೆಲಸಗಳಲ್ಲಿ ಇದು ದೇಶದಲ್ಲೇ ಮೊದಮೊದಲಿನದು.

ಪುಸ್ತಕ ಅಚ್ಚಾಗಿರುವುದು ಕನ್ನಡ ಅಕ್ಷರದಲ್ಲಿ. ನುಡಿ ಮಾತ್ರ ಕೊಡವ ತಕ್ಕ್. ಪ್ರೆಸ್ಸಿನವನಾದ ನನಗೆ ಇದನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ. ಕೊಡವ ತಕ್ಕಿನಲ್ಲಿ ನಮ್ಮ ಕಾಗುಣಿತಕ್ಕೆ ಸಿಗದ ಸ್ವರಗಳಿವೆ. ಇ-ಕಾರವೂ ಅಲ್ಲ, ಉ-ಕಾರವೂ ಅಲ್ಲ, ನಾಲಿಗೆ ನಡುವೆ ನಿಂತು ಹೊರಡುವ ಸ್ವರ. ಅದಕ್ಕೆ ನಮ್ಮಲ್ಲಿ ಅಚ್ಚಿನ ಮೊಳೆಯೇ ಇಲ್ಲ! ಮೊಳೆ ಜೋಡಿಸಿದ ಹಳಬರನ್ನು ಕೇಳಿ ನೋಡಿ. ಗೊತ್ತಿರುವ ಭಾಷೆಯಾದರೆ ಅರ್ಧ ಓದಿ ಇನ್ನರ್ಧ ಊಹಿಸಿ ಕೈ ಓಡುತ್ತದೆ. ಗೊತ್ತಿಲ್ಲದ ನುಡಿಯಾದರೆ ಒಂದೊಂದು ಅಕ್ಷರಕ್ಕೂ ಕಾಪಿ ನೋಡಬೇಕು, ಪ್ರೂಫು ತಿದ್ದಿ ತಿದ್ದಿ ಕಣ್ಣು ಹೋಗಬೇಕು.

ಈಗ ಕಹಿ ಮಾತು. ನಮ್ಮವರೇ ಕೆಲವರು ಮೈಕು ಸಿಕ್ಕರೆ ಸಾಕು, ಕೊಡವ ತಕ್ಕ್ ಎಂದರೆ ಕನ್ನಡದ್ದೇ ಒಂದು ಬಗೆ ಎಂದುಬಿಡುತ್ತಾರೆ. ಶುದ್ಧ ಸುಳ್ಳು. ಎಮೆನೊ ಎಂಬ ಭಾಷಾ ವಿದ್ವಾಂಸರು 1935ರಿಂದ 1938ರವರೆಗೆ ಭಾರತದಲ್ಲಿದ್ದು ನೀಲಗಿರಿಯ ತೋಡ, ಕೋತ ಭಾಷೆಗಳ ಜೊತೆಗೆ ಇದನ್ನೂ ಅಭ್ಯಾಸ ಮಾಡಿದರು. ಕೊಡವ ತಕ್ಕ್ ಬೇರೆಯೇ ಒಂದು ದ್ರಾವಿಡ ಭಾಷೆ, ಕನ್ನಡದ ಒಡಹುಟ್ಟು. ಕೊಡವರಷ್ಟೇ ಅಲ್ಲ, ಐರಿ, ಹೆಗ್ಗಡೆ ಮುಂತಾದವರೂ ಆಡುವ ಮಾತು. 2001ರ ಜನಗಣತಿಯಲ್ಲಿ ಅದು ತಮ್ಮ ತಾಯಿನುಡಿ ಎಂದು ಬರೆಸಿದವರು 1,66,187 ಜನ. 2011ರಲ್ಲಿ 1,13,857. ಯುನೆಸ್ಕೊ ಇದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದೆ. ಎಂಟನೇ ಪರಿಚ್ಛೇದದಲ್ಲಿ ಇದಕ್ಕೆ ಜಾಗವಿಲ್ಲ.

ಹಿಂದಿ ಹೇರಬೇಡಿ ಎಂದು ಬೀದಿಗಿಳಿಯುವ ನಾವು, ನಮಗಿಂತ ಚಿಕ್ಕ ನುಡಿಯ ಎದುರು ದೆಹಲಿಯವರ ಹಾಗೆ ಆಡಿದರೆ ಯಾವ ಮುಖ ಇಟ್ಟುಕೊಂಡು ಘೋಷಣೆ ಕೂಗುವುದು?

ಚಿಣ್ಣಪ್ಪನವರ ಮೊಮ್ಮಕ್ಕಳು, ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ, ಈ ಪುಸ್ತಕವನ್ನು ಇಂಗ್ಲಿಷಿಗೆ ತಂದು 2003ರಲ್ಲಿ ಪ್ರಕಟಿಸಿದರು. ಆಮೇಲೆ ಕೊಡಗಿನ ಐನ್‌ಮನೆಗಳನ್ನು ಸುತ್ತಿ ಅವುಗಳ ವಿವರ ದಾಖಲಿಸಿದರು. ಒಂದು ಮನೆತನ ಮಾಡಿದ ಕೆಲಸ ಇದು. ಎಲ್ಲ ಮನೆಯ ಕಾಗದಕ್ಕೂ ಈ ಪುಣ್ಯ ಇರುವುದಿಲ್ಲ. ಅಜ್ಜ ಕೈಯಲ್ಲಿ ಬರೆದಿಟ್ಟ ಹಾಡಿನ ಪುಸ್ತಕ, ಜಮೀನಿನ ಲೆಕ್ಕ, ಪತ್ರದ ಕಟ್ಟು ಕೆಜಿ ಲೆಕ್ಕದಲ್ಲಿ ರದ್ದಿಗೆ ಹೋಗುವುದನ್ನು ನಾನು ಗುಜರಿ ಅಂಗಡಿಯಲ್ಲಿ ನಿಂತು ನೋಡಿದ್ದೇನೆ. ಕೊಡಗಿನ ಗೆಳೆಯರಿದ್ದರೆ ಹೇಳಿ: ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಒಂದು ಜೆರಾಕ್ಸ್ ಪ್ರತಿಯನ್ನಾದರೂ ಮೊದಲು ಅಲ್ಲಿಗೆ ಕೊಡಿ.

'ಪಟ್ಟೋಲೆ ಪಳಮೆ' ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇದೆಯೇ ಕೇಳಿ. ಅಕ್ಷರ ಗೊತ್ತಿರುವುದೇ, ಅರ್ಥ ಅರ್ಧಂಬರ್ಧ ಆಗುತ್ತದೆ; ಉಳಿದರ್ಧಕ್ಕೆ ಕೊಡವ ಸ್ನೇಹಿತರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಸ್ತಕ ಇಲ್ಲದಿದ್ದರೆ ತರಿಸಿ ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆಯಿರಿ. ಅರ್ಜಿ ಕನ್ನಡದಲ್ಲೇ ಇರಲಿ.